ಸದ್ದಿಲ್ಲದ ಕಣಿವೆ ಖಾಲಿ ಕಣಿವೆಯಲ್ಲ

ಸಿದ್ದಾಪುರ ತಾಲೂಕಿನ ಹೆಗ್ಗರಣೆ ದಾಟಿ ಕಾಡಿನ ದಾರಿ ಹಿಡಿದರೆ ಉಂಚಳ್ಳಿ ಜಲಪಾತ ಸಿಗುತ್ತದೆ. ಅಘನಾಶಿನಿ ನದಿ ಅಲ್ಲಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. ಊರವರು ಅದನ್ನು ಕೆಪ್ಪಜೋಗ ಅನ್ನುತ್ತಾರೆ. ಮಳೆಗಾಲದಲ್ಲಿ ಹತ್ತಿರ ನಿಂತರೆ ಪಕ್ಕದವರು ಕೂಗಿದ್ದೂ ಕೇಳುವುದಿಲ್ಲ, ಅದಕ್ಕೇ ಆ ಹೆಸರು. 1845ರಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಕಲೆಕ್ಟರ್ ಲಶಿಂಗ್ಟನ್ ಇದನ್ನು 'ಕಂಡುಹಿಡಿದ' ಎಂದು ಪ್ರವಾಸಿ ಪುಸ್ತಕಗಳಲ್ಲಿ ಬರೆದಿರುತ್ತದೆ. ಅವನ ಹೆಸರನ್ನೇ ಜಲಪಾತಕ್ಕೂ ಇಟ್ಟರು. ಅವನು ಬರುವ ಮೊದಲೇ ಅದಕ್ಕೆ ಕೆಪ್ಪಜೋಗ ಎಂದು ಹೆಸರಿಟ್ಟವರು ಯಾರು ಎಂದು ಯಾವ ಪುಸ್ತಕವೂ ಕೇಳುವುದಿಲ್ಲ.

ಈ ಒಂದು ಜಾಗ ಬಿಟ್ಟರೆ ಅಘನಾಶಿನಿಯ ಮೇಲಿನ ಕಣಿವೆ ಸದ್ದಿಲ್ಲದ್ದು. ದೊಡ್ಡ ಪೇಟೆ ಇಲ್ಲ, ಕಾರ್ಖಾನೆ ಇಲ್ಲ, ಅಣೆಕಟ್ಟು ಇಲ್ಲ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕೆಂದರೆ ಒಂದು ಗುಡ್ಡ ಇಳಿದು ಇನ್ನೊಂದು ಹತ್ತಬೇಕು. ಅನೇಕ ಕಡೆ ಫೋನಿಗೆ ಸಿಗ್ನಲ್ ಸಿಗಬೇಕೆಂದರೂ ಗುಡ್ಡವನ್ನೇ ಹತ್ತಬೇಕು.

ಈ ಕಣಿವೆ ಈಗ ಸುದ್ದಿಯಲ್ಲಿದೆ. ಬೇಡ್ತಿ ನದಿಯನ್ನು ವರದಾಕ್ಕೆ, ಅಘನಾಶಿನಿಯನ್ನು ವೇದಾವತಿಗೆ ಜೋಡಿಸುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಘಟ್ಟದ ನೀರು ಸುಮ್ಮನೆ ಸಮುದ್ರ ಸೇರಿ ವ್ಯರ್ಥವಾಗುತ್ತಿದೆ, ಅದನ್ನು ಬಯಲುಸೀಮೆಗೆ ಕೊಟ್ಟರೆ ಏನು ತಪ್ಪು ಎನ್ನುವುದು ಒಂದು ವಾದ. ನಮ್ಮ ತೋಟ, ನಮ್ಮ ಕಾಡು, ನಮ್ಮ ನದಿ, ಮುಟ್ಟಬೇಡಿ ಎನ್ನುವುದು ಇನ್ನೊಂದು.

ನಮ್ಮ ಗುಂಪಿನಲ್ಲಿ ಶಿರಸಿ, ಸಿದ್ದಾಪುರದವರಿದ್ದಾರೆ. ಗದಗ, ಹಾವೇರಿಯವರೂ ಇದ್ದಾರೆ. ಈ ವಿಷಯದ ಮೇಲೆ ನಾವು ಕೂತು ಮಾತಾಡಿದಾಗ ಜಗಳವೇ ಆಯಿತು. ಗದಗ ಕಡೆಯ ಗೆಳತಿ ಕೇಳಿದಳು: "ನಿಮಗೆ ನಾಲ್ಕು ತಿಂಗಳು ಮಳೆ. ನಮ್ಮವ್ವ ಕೊಡ ಹೊತ್ತೇ ಸೊಂಟ ಮುರ್ಕೊಂಡ್ಲು. ನಿಮ್ಮ ಕಾಡು ಚಂದ ಇರ್ಲಿ ಅಂತ ನಾವು ಬಾಯಾರಬೇಕಾ?" ಈ ಪ್ರಶ್ನೆಗೆ ಉತ್ತರ ಕೊಡದೆ ಕಣಿವೆಯ ಸೌಂದರ್ಯದ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ. ಹಾಗಾಗಿ ಅವಳ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಬರೆಯುತ್ತಿದ್ದೇವೆ.

ನೀರು ಎಲ್ಲಿಂದ ಬರುತ್ತದೆ

ಮೊದಲು ನೆಲ ನೋಡೋಣ. ಶಿರಸಿ ಪಟ್ಟಣದ ಹತ್ತಿರ ಒಂದು ಹಳ್ಳ, ಮಂಜುಗುಣಿಯ ಕಡೆಯಿಂದ ಇನ್ನೊಂದು ಹಳ್ಳ, ಎರಡೂ ಕೂಡಿ ಅಘನಾಶಿನಿ. ಘಟ್ಟದ ಮೇಲೆ ಸ್ವಲ್ಪ ದೂರ ನಿಧಾನವಾಗಿ ಹರಿದು, ಉಂಚಳ್ಳಿಯಲ್ಲಿ ಧುಮುಕಿ, ಆಳವಾದ ಕಣಿವೆಯಲ್ಲಿ ಇಳಿದು, ಕುಮಟಾ ತಾಲೂಕಿನಲ್ಲಿ ಅಗಲವಾಗಿ ಹರಡಿ, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ಒಟ್ಟು ಸುಮಾರು 120 ಕಿಲೋಮೀಟರ್. ಇಷ್ಟು ಚಿಕ್ಕ ನದಿ ಇದು.

ಅದೇ ಶಿರಸಿ ತಾಲೂಕಿನ ಪೂರ್ವಕ್ಕೆ ಬಿದ್ದ ಮಳೆ ಇತ್ತ ಬರುವುದಿಲ್ಲ. ಅದು ವರದಾ ನದಿ ಸೇರಿ, ಬನವಾಸಿ ಬಳಸಿ, ಹಾವೇರಿ ಜಿಲ್ಲೆಗೆ ಹೋಗಿ ತುಂಗಭದ್ರೆಯನ್ನು ಕೂಡಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲೂಕಿನ ಮಳೆ ಎರಡು ಸಮುದ್ರಕ್ಕೆ ಹಂಚಿಹೋಗುತ್ತದೆ. ಅಂದರೆ ಮಲೆನಾಡು ಬಯಲುಸೀಮೆಗೆ ನೀರು ಕೊಡುವುದೇ ಇಲ್ಲ ಎನ್ನುವುದು ಸರಿಯಲ್ಲ. ವರದಾ ಹೊಳೆ ಹುಟ್ಟುವುದೂ ಸಾಗರ ತಾಲೂಕಿನ ಮಲೆನಾಡಿನಲ್ಲಿಯೇ.

ಈ ಕಣಿವೆಯಲ್ಲಿ ಮಳೆ ಜೋರು ಎನ್ನುವುದು ನಿಜ. ಆದರೆ ಅದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಉಳಿದ ತಿಂಗಳು ಹಳ್ಳದಲ್ಲಿ ನೀರು ಹರಿಯುವುದು ಮಳೆಯಿಂದಲ್ಲ, ಗುಡ್ಡದೊಳಗೆ ಇಂಗಿದ ನೀರಿನಿಂದ. ಅದನ್ನು ಹಿಡಿದಿಟ್ಟು ಬಿಡುವುದು ಕಾನು. ಕಣಿವೆಯ ನೆತ್ತಿಯಲ್ಲಿ, ಝರಿ ಹುಟ್ಟುವ ಜಾಗದಲ್ಲಿ ಇರುವ ದಟ್ಟ ಹಸಿರು ಕಾಡಿಗೆ ನಮ್ಮವರು ಕಾನು ಎನ್ನುತ್ತಾರೆ. ಕಾನು ಕಡಿದರೆ ಕೆಳಗಿನ ಗದ್ದೆಯ ಅಬ್ಬಿ ಬತ್ತುತ್ತದೆ. ಇದನ್ನು ಹೇಳಲು ವಿಜ್ಞಾನಿ ಬೇಕಿಲ್ಲ, ಅಬ್ಬಿ ನೀರು ಕುಡಿದು ಬೆಳೆದ ಯಾವ ಅಜ್ಜಿಯನ್ನಾದರೂ ಕೇಳಿ.

ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ನಡೆದರೆ ಕಾಲಡಿಯಲ್ಲಿ ನೀರು, ಕೆಸರು. ಆ ಕೆಸರಿನಿಂದ ಮೊಣಕಾಲಿನ ಹಾಗೆ ಬೇರುಗಳು ಮೇಲೆ ಎದ್ದಿರುತ್ತವೆ. ಅವು ರಾಮಪತ್ರೆ ಜಾತಿಯ ಮರಗಳ ಉಸಿರಾಡುವ ಬೇರುಗಳು. ಬಹಳ ಹಳೆಯ ಕಾಲದ ಈ ಜೌಗುಕಾಡು ಈಗ ಅಲ್ಲಲ್ಲಿ ಚೂರುಚೂರಾಗಿ ಉಳಿದಿದೆ. ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಒಂದು ಮರವನ್ನು ಇಲ್ಲಿ ಗುರುತಿಸಿ, 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟರು. ಸಿಂಗಳೀಕವೂ ಇಲ್ಲಿದೆ. ಕಪ್ಪು ಮುಖದ ಸುತ್ತ ಬಿಳಿ ಕೇಸರ ಇರುವ ಈ ಕೋತಿ ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನ ಬೇರೆಲ್ಲೂ ಕಾಡಿನಲ್ಲಿ ಬದುಕಿಲ್ಲ. ಅದಕ್ಕಾಗಿಯೇ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಎಂದು ಸರ್ಕಾರ ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಅಭಯಾರಣ್ಯಕ್ಕೆ ಸೇರಿಸಲಾಯಿತು.

ಒಂದು ಕೈಯಲ್ಲಿ ಅಭಯಾರಣ್ಯ ಎಂದು ಬರೆದು, ಇನ್ನೊಂದು ಕೈಯಲ್ಲಿ ಅದೇ ನದಿಯ ನೀರು ತಿರುಗಿಸಲು ನಕ್ಷೆ ಬರೆಯುವುದು ಹೇಗೆ ಸರಿ?

ಸಮುದ್ರ ಸೇರಿದ ನೀರು ವ್ಯರ್ಥವೇ

ಈಗ ಕೆಳಗೆ ಹೋಗೋಣ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಕಡಲನ್ನು ಕೂಡುವ ಕಡೆ ಸಿಹಿನೀರು, ಉಪ್ಪುನೀರು ಬೆರೆಯುತ್ತವೆ. ಅಲ್ಲಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಉಪ್ಪು ತಡೆದುಕೊಳ್ಳುವ ಭತ್ತ ಅದು. ಭತ್ತ ಮುಗಿದ ಮೇಲೆ ಅದೇ ಗಜನಿಯಲ್ಲಿ ಮೀನು, ಸಿಗಡಿ. ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಚಿಪ್ಪಿ ಆರಿಸುತ್ತಾರೆ. ಆ ಚಿಪ್ಪಿಯಿಂದ ಮನೆ ನಡೆಯುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್‌ಸರ್ ತಾಣ ಎಂಬ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿತು.

ಇದೆಲ್ಲ ನಡೆಯುವುದು ಮೇಲಿನಿಂದ ಸಿಹಿನೀರು, ಮಣ್ಣು, ಕಾಡಿನ ಎಲೆಯ ಸತ್ವ ಇಳಿದು ಬರುವುದರಿಂದ. ಆ ನೀರು ಕಡಿಮೆಯಾದರೆ ಕಡಲಿನ ಉಪ್ಪು ಮೇಲಕ್ಕೆ ಏರುತ್ತದೆ. ಬಾವಿ ಉಪ್ಪಾಗುತ್ತದೆ, ಚಿಪ್ಪಿ ಸಾಯುತ್ತದೆ. ಕಗ್ಗವೂ ಮಳೆನೀರು ಉಪ್ಪನ್ನು ತೊಳೆದ ಮೇಲೆಯೇ ಬೆಳೆಯುವುದು. ಹಾಗಾಗಿ 'ಸಮುದ್ರ ಸೇರಿ ವ್ಯರ್ಥ' ಎನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಆ ನೀರಿನಿಂದ ಹೊಟ್ಟೆ ತುಂಬಿಸಿಕೊಳ್ಳುವವರು ಸಭೆಗಳಲ್ಲಿ ಕುರ್ಚಿಯ ಮೇಲೆ ಕೂರುವವರಲ್ಲ, ಹಾಗಾಗಿ ಲೆಕ್ಕಕ್ಕೆ ಬಂದಿಲ್ಲ. ಅಷ್ಟೇ.

ಅಕ್ಕಪಕ್ಕದ ನದಿಗಳನ್ನು ನೋಡಿ. ಉತ್ತರಕ್ಕೆ ಕಾಳಿ. ಅದಕ್ಕೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲು ಅಣೆಕಟ್ಟು. ದಕ್ಷಿಣಕ್ಕೆ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಊರೂರೇ ಮುಳುಗಿದವು. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಆ ಮುಳುಗಡೆ ಕುಟುಂಬಗಳಲ್ಲಿ ಸಾವಿರಾರು ಜನ ಕೊಟ್ಟ ಜಾಗದ ಹಕ್ಕುಪತ್ರಕ್ಕೆ ಇಂದಿಗೂ ಅಲೆಯುತ್ತಿದ್ದಾರೆ. ಆಗ ಅಘನಾಶಿನಿ ಕಣಿವೆಯವರು ಏನು ಮಾಡಿದರು? ಸುಮ್ಮನಿದ್ದರು. ಆ ವಿದ್ಯುತ್ತಿನಲ್ಲಿ ನಮ್ಮ ಮನೆಯ ಬಲ್ಬೂ ಉರಿಯಿತು. ಇದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ಈ ಕಣಿವೆ ಸುಮ್ಮನೆ ಉಳಿದದ್ದಲ್ಲ

ಅಘನಾಶಿನಿಗೆ ಅಣೆಕಟ್ಟು ಬಂದಿಲ್ಲ ಎನ್ನುವುದು ಅದೃಷ್ಟವಲ್ಲ. ಅದರ ಹಿಂದೆ ಜನರ ಕೆಲಸವಿದೆ. ಮಕ್ಕಳಿಗೆ ಶಾಲೆಯಲ್ಲಿ ಈ ಚರಿತ್ರೆ ಸಿಗುವುದಿಲ್ಲ, ಹಾಗಾಗಿ ಸ್ವಲ್ಪ ಹೇಳುತ್ತೇವೆ.

ಒಂದು ಕಾಲಕ್ಕೆ ಈ ಸೀಮೆಯನ್ನು ಬಿಳಗಿ ಅರಸರು ಆಳಿದರು. ಸಿದ್ದಾಪುರದ ಹತ್ತಿರದ ಬಿಳಗಿಗೆ ಶ್ವೇತಪುರ ಎಂದೂ ಹೆಸರಿತ್ತು. ಅಲ್ಲಿನ ರತ್ನತ್ರಯ ಬಸದಿ ಇಂದಿಗೂ ನಿಂತಿದೆ. ಕಾಳುಮೆಣಸು ಈ ಘಟ್ಟ ಇಳಿದು ಕರಾವಳಿಯ ಬಂದರುಗಳಿಗೆ ಹೋಗುತ್ತಿತ್ತು. 1801ರಲ್ಲಿ ಈ ಭಾಗದಲ್ಲಿ ತಿರುಗಾಡಿದ ಬುಕನನ್ ಎಂಬ ಇಂಗ್ಲಿಷರ ಅಧಿಕಾರಿ ಇಲ್ಲಿಯ ಅಡಿಕೆ, ಮೆಣಸಿನ ತೋಟಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ಅಂದರೆ ಆಗಲೇ ಇದು ಜನ ದುಡಿದು ರೂಪಿಸಿದ ನೆಲ, ಯಾರೂ ಕಾಲಿಡದ ಕಾಡಲ್ಲ.

ಕೆನರಾ ಜಿಲ್ಲೆಯನ್ನು ಇಬ್ಭಾಗ ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಸರ್ಕಾರದ್ದಾಯಿತು. ಕುಮರಿ ಬೇಸಾಯ ಮಾಡುತ್ತಿದ್ದವರು, ಕಾನಿನಿಂದ ಮೆಣಸು ತರುತ್ತಿದ್ದವರು ಒಮ್ಮೆಲೇ ಅಪರಾಧಿಗಳಾದರು. ತೋಟವಿದ್ದವರಿಗೆ ಸೊಪ್ಪು, ದರಕು ತರಲು ಬೆಟ್ಟ ಬಿಟ್ಟುಕೊಟ್ಟರು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ತೋಟವಿಲ್ಲದವರಿಗೆ ಏನೂ ಇಲ್ಲ. ಆ ಅಸಮಾನತೆ ಇಂದಿಗೂ ನಮ್ಮೂರಲ್ಲಿದೆ.

1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕಿನ ರೈತರು ಕಂದಾಯ ಕಟ್ಟಲಿಲ್ಲ. ಸರ್ಕಾರ ಜಮೀನು, ಪಾತ್ರೆ, ದನಕರು ಜಪ್ತಿ ಮಾಡಿತು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು ಮುಂದೆ ಬಂದರು. ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಅಲ್ಲಿ ಅವರ ನೆನಪಿಗೆ ಸ್ಮಾರಕವಿದೆ. ಜೋಗಕ್ಕೆ ಹೋಗುವ ಎಷ್ಟು ಕಾರುಗಳು ಅಲ್ಲಿ ನಿಲ್ಲುತ್ತವೆ?

1980ರ ದಶಕದ ಆರಂಭದಲ್ಲಿ ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬರುವುದರಲ್ಲಿತ್ತು. ಆಗ ಶಿರಸಿಯ ತೋಟಗಾರರು ಬರೀ ಘೋಷಣೆ ಕೂಗಲಿಲ್ಲ. ವಿಜ್ಞಾನಿಗಳನ್ನು, ಎಂಜಿನಿಯರುಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕರೆದು ವಿಚಾರ ಸಂಕಿರಣ ಮಾಡಿಸಿದರು. ಮುಳುಗುವ ತೋಟ, ಕಾಡು, ಗೊಬ್ಬರ, ಸೌದೆ ಎಲ್ಲಕ್ಕೂ ಬೆಲೆ ಕಟ್ಟಿ ಲಾಭ ನಷ್ಟದ ಲೆಕ್ಕ ಮುಂದಿಟ್ಟರು. ಯೋಜನೆ ನಿಂತಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೊ ಚಳವಳಿ ಊರೂರಿಗೆ ಹಬ್ಬಿತು. ಮುಂದೆ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದಾಗಲೂ ಜನ ಎದ್ದರು, ಅದೂ ಕೈಬಿಟ್ಟುಹೋಯಿತು.

ನೋಡಿ, ಶಾಂತವಾಗಿ ಕಾಣುವ ಈ ಕಣಿವೆಯಲ್ಲಿ ಪ್ರತಿ ತಲೆಮಾರೂ ಒಮ್ಮೆಯಾದರೂ ಬೀದಿಗಿಳಿದಿದೆ.

ಗದಗದ ಗೆಳತಿಗೆ ನಮ್ಮ ಉತ್ತರ

ಈಗ ಅವಳ ಪ್ರಶ್ನೆ. ನೀರು ಕೇಳುವುದು ತಪ್ಪಲ್ಲ. ಕುಡಿಯುವ ನೀರು ಯಾರ ಭಿಕ್ಷೆಯೂ ಅಲ್ಲ, ಹಕ್ಕು. ಆದರೆ ನೀರು ಕೊಡುತ್ತೇವೆ ಎಂದವರು ಏನು ಕೊಡುತ್ತಿದ್ದಾರೆ ಎಂದು ಇಬ್ಬರೂ ಕೂಡಿ ಕೇಳಬೇಕು.

ಬಯಲುಸೀಮೆಗೆ ನೀರಿನ ಕಷ್ಟ ಮಳೆಗಾಲ ಮುಗಿದ ಮೇಲೆ. ಆದರೆ ಘಟ್ಟದ ಹಳ್ಳಗಳೂ ಸಣ್ಣಗಾಗುವುದು ಅದೇ ತಿಂಗಳುಗಳಲ್ಲಿ. ಏಪ್ರಿಲ್ ತಿಂಗಳಲ್ಲಿ ಶಿರಸಿ, ಸಿದ್ದಾಪುರದ ಹಳ್ಳಿಗಳಿಗೂ ಟ್ಯಾಂಕರ್ ಬರುವ ಕಾಲ ಇದು. ನಿಮಗೆ ಬೇಕಾದಾಗ ನಮ್ಮಲ್ಲೂ ಇರುವುದಿಲ್ಲ. ಮಳೆಗಾಲದ ನೀರು ತಿರುಗಿಸಬೇಕೆಂದರೆ ಅದನ್ನು ಕೂಡಿಡಲು ಅಣೆಕಟ್ಟು ಬೇಕು, ನಡುವಿನ ಗುಡ್ಡ ದಾಟಿಸಲು ಪಂಪು, ಪೈಪು, ಸುರಂಗ ಬೇಕು, ಮೇಲೆತ್ತಲು ವರ್ಷವಿಡೀ ವಿದ್ಯುತ್ ಬೇಕು. ಇದೇ ಘಟ್ಟದ ಇಳಿಜಾರು 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಕುಸಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಜನ ಸತ್ತರು. ಕೊರೆದ ಗುಡ್ಡ ಏನು ಮಾಡುತ್ತದೆ ಎಂದು ನಾವೆಲ್ಲ ಫೋನಿನಲ್ಲೇ ನೋಡಿದ್ದೇವೆ.

ಇಷ್ಟೆಲ್ಲ ಮಾಡಿ ತಂದ ನೀರು ಗೆಳತಿಯ ಅವ್ವನ ಕೊಡಕ್ಕೆ ಬರುತ್ತದೆಯೇ, ಕಾಲುವೆಯ ತಲೆಯಲ್ಲಿರುವ ದೊಡ್ಡ ಹಿಡುವಳಿಗೆ ಹೋಗುತ್ತದೆಯೇ? ಕಾಲುವೆಯ ಬಾಲದಲ್ಲಿ ಹೊಲ ಇರುವ ರೈತರಿಗೆ ಇದರ ಉತ್ತರ ಗೊತ್ತಿದೆ.

ಗದಗದವರಿಗೆ ನೀರು ಹಿಡಿಯುವುದು ಹೊಸದಲ್ಲ. ಲಕ್ಕುಂಡಿಯ ಬಾವಿಗಳು, ಡಂಬಳದ ಕೆರೆ ಕಟ್ಟಿದವರು ಯಾವ ನದಿಯನ್ನೂ ತಿರುಗಿಸಲಿಲ್ಲ, ಬಿದ್ದ ಮಳೆಯನ್ನು ಹಿಡಿದರು. ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಅಘನಾಶಿನಿ ಅಳಿವೆಗೆ ರಾಮ್‌ಸರ್ ಮನ್ನಣೆ ಸಿಕ್ಕಿತು ಎಂದೆವಲ್ಲ, ಅದೇ 2024ರಲ್ಲಿ, ಅದೇ ಪಟ್ಟಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯೂ ಇದೆ. ಜಗತ್ತಿನ ಲೆಕ್ಕದಲ್ಲಿ ಎರಡಕ್ಕೂ ಒಂದೇ ಗೌರವ. ಹಾಗಿರುವಾಗ ಒಂದನ್ನು ಒಣಗಿಸಿ ಇನ್ನೊಂದು ಸೀಮೆಗೆ ನೀರು ಎನ್ನುವ ಬದಲು, ಕೆರೆಗಳ ಹೂಳು ತೆಗೆಯಲು, ಒತ್ತುವರಿ ಬಿಡಿಸಲು, ಕೃಷಿಹೊಂಡಕ್ಕೆ ಹಣ ಕೊಡಿ ಎಂದು ಇಬ್ಬರೂ ಒಟ್ಟಿಗೆ ಕೇಳಬಾರದೇಕೆ? ಆ ಬೇಡಿಕೆಗೆ ಮಲೆನಾಡಿನವರು ಗದಗಕ್ಕೆ ಬಂದು ದನಿಗೂಡಿಸಬೇಕು. ಇಲ್ಲಿ ಬರೀ 'ಕೊಡುವುದಿಲ್ಲ' ಎಂದು ಕೂಗಿ ಮನೆಗೆ ಹೋದರೆ ಅದು ಚಳವಳಿಯಲ್ಲ, ಸ್ವಾರ್ಥ.

ಗೆಳತಿ ಇದನ್ನು ಪೂರ್ತಿ ಒಪ್ಪಿಲ್ಲ. "ಕೆರೆ ಹೂಳು ತೆಗಿತೀವಿ ಅಂತ ಇಪ್ಪತ್ತು ವರ್ಷದಿಂದ ಹೇಳ್ತಾರ" ಎಂದಳು. ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಕೆರೆಯ ಹೂಳನ್ನೇ ತೆಗೆಯದವರು ನದಿ ತಿರುಗಿಸಿ ನೀರು ಕೊಡುತ್ತಾರೆ ಎಂದು ನಂಬುವುದು ಹೇಗೆ ಎಂದು ನಾವು ಕೇಳಿದೆವು. ಅಷ್ಟಕ್ಕೆ ಅವಳು ನಕ್ಕಳು.

ನಾವು ಮಾಡಬೇಕಾದದ್ದು

ಕಣಿವೆಯವರು ಸರ್ಕಾರವನ್ನು ಬೈದು ಕೂತರೆ ಆಗಲಿಲ್ಲ. ಬೆಟ್ಟದ ಸೊಪ್ಪನ್ನು ಬೋಳಾಗುವ ತನಕ ಸವರಿದವರು ನಾವೇ. ಗದ್ದೆಯನ್ನೆಲ್ಲ ತೋಟ ಮಾಡಿ, ಅಬ್ಬಿ ಸಾಲದೆಂದು ಬೋರ್‌ವೆಲ್ ಹೊಡೆಸಿದವರು ನಾವೇ. ಈಗ ಎಲೆಚುಕ್ಕಿ ರೋಗ ಬಂದು ಅಡಿಕೆ ಒಣಗುತ್ತಿದೆ, ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಮನೆಯಲ್ಲಿ ಇಬ್ಬರು ಮುದುಕರು. ತೋಟ ಮಾರಿದರೆ ರೆಸಾರ್ಟ್ ಬರುತ್ತದೆ. ಹೀಗೆ ಮನೆ ಖಾಲಿಯಾಗುತ್ತ ಹೋದರೆ 'ಅಲ್ಲಿ ಯಾರಿದ್ದಾರೆ ಕೇಳೋಕೆ' ಎನ್ನುವುದು ಸುಲಭ.

ಅದಕ್ಕೇ ಮೂರು ಕೆಲಸ ಹೇಳುತ್ತೇವೆ. ದುಡ್ಡು ಬೇಡ, ಸಮಯ ಸಾಕು.

ಒಂದು, 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕ ತೋರಿಸಿ ಎನ್ನಿ. ಅದರಲ್ಲಿ ನಿಮ್ಮೂರಿನ ಅಪ್ಪೆಮಿಡಿ ಮರ ಇದೆಯೇ? ಕಾನು ಇದೆಯೇ? ಅಬ್ಬಿ ಇದೆಯೇ? ಇಲ್ಲದಿದ್ದರೆ ಬರೆಸಿ. ನಾಳೆ ಯೋಜನೆಯವರು ಬಂದಾಗ ತೋರಿಸಲು ಕಾಗದ ಬೇಕು.

ಎರಡು, ಗ್ರಾಮಸಭೆಗೆ ಹೋಗಿ. ಯಾವ ಯೋಜನೆಯೇ ಇರಲಿ, ಅದರ ವರದಿ ಕನ್ನಡದಲ್ಲಿ ಬೇಕು ಎಂದು ಕೇಳಿ, ಕೇಳಿದ್ದನ್ನು ನಡಾವಳಿಯಲ್ಲಿ ಬರೆಸಿ. ತೋಟವಿಲ್ಲದವರನ್ನು, ಸೊಪ್ಪು ಹೊರುವವರನ್ನು, ಕೆಳಗಿನ ಚಿಪ್ಪಿ ಆರಿಸುವವರನ್ನು ಬಿಟ್ಟು ಸಭೆ ಮಾಡಬೇಡಿ. ಇಲ್ಲಿಯ ತನಕ ತೋಟದವರ ದನಿಯಷ್ಟೇ ಪೇಟೆಗೆ ಕೇಳಿದೆ.

ಮೂರು, ಹಿರಿಯರ ಮಾತನ್ನು ಹಿಡಿದಿಡಿ. ಈಗ ಇದನ್ನು ಓದುತ್ತಿರುವ ಫೋನಿನಲ್ಲೇ ರೆಕಾರ್ಡ್ ಮಾಡಿ. ಯಾವ ಹಳ್ಳಕ್ಕೆ ಏನು ಹೆಸರು, ಯಾವ ಗದ್ದೆ ಯಾರು ಮಾಡುತ್ತಿದ್ದರು, ಅಜ್ಜ ಯಾವ ವರ್ಷ ಇಲ್ಲಿಗೆ ಬಂದ. ಇದು ಹವ್ಯಾಸದ ಮಾತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಿರಿಯರ ಹೇಳಿಕೆಯನ್ನೂ ಸಾಕ್ಷಿ ಎಂದು ಆ ಕಾಯ್ದೆಯ ನಿಯಮಗಳು ಒಪ್ಪುತ್ತವೆ. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಅರ್ಜಿಗಳು ಸಾಕ್ಷಿ ಸಾಲದೆಂದು ತಿರಸ್ಕಾರವಾಗಿವೆ. ಅಜ್ಜಿ ಹೋದರೆ ಸಾಕ್ಷಿಯೂ ಹೋಯಿತು.

ಲಶಿಂಗ್ಟನ್ ಬಂದು ಹೆಸರಿಟ್ಟು ಹೋದ. ಬುಕನನ್ ಬಂದು ಬರೆದು ಹೋದ. ಈಗ ನಕ್ಷೆ ಹಿಡಿದು ಬಂದವರೂ ಬರೆಯುತ್ತಿದ್ದಾರೆ. ಈ ಕಣಿವೆಯ ಬಗ್ಗೆ ಇಲ್ಲಿಯವರು ಬರೆದದ್ದು ಇನ್ನೂ ಕಡಿಮೆಯೇ.

ನಿಮ್ಮ ಮನೆಯ ಹಿಂದೆ ಹರಿಯುವ ಹಳ್ಳಕ್ಕೆ ಹೆಸರೇನು? ಅದು ಕೊನೆಗೆ ಯಾವ ನದಿ ಸೇರುತ್ತದೆ? ಮೇ ತಿಂಗಳಲ್ಲಿ ನೀರು ಇರುತ್ತದೆಯೇ? ಮಲೆನಾಡಿನವರಾಗಲಿ, ಬಯಲುಸೀಮೆಯವರಾಗಲಿ, ಇಷ್ಟು ಬರೆದು ಕಳಿಸಿ. ಅಲ್ಲಿಂದ ಶುರು ಮಾಡೋಣ.